ತೊಳೆದ ನೀರು

ಆ ದಿನ ಹೀರುವ ಪಂಪು ಕೆಟ್ಟು ಕೂರದೆ ಇದ್ದಿದ್ದರೆ ಮಾರ್ಥೀಸ್ ಗ್ರಿಮಾ ತನ್ನ ಜನ್ಮದಲ್ಲಿ ಯಾರಿಗೂ ಎದುರು ಮಾತಾಡುತ್ತಿರಲಿಲ್ಲವೇನೋ.

ಮೆಲ್ಬರ್ನಿನ ಆ ಕಣ್ಣಿನ ಪ್ರಯೋಗಶಾಲೆಗೆ ಅವಳು ಡಾಕ್ಟರೇಟ್ ಮುಗಿಸಿ ನೇರವಾಗಿ ಬಂದವಳು. ಮೀಟಿಂಗುಗಳಲ್ಲಿ ಬಾಗಿಲ ಪಕ್ಕದ ಕುರ್ಚಿ ಅವಳದು. ಯಾರಾದರೂ ಏನಾದರೂ ಕೇಳಿದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ತಲೆ ಆಡುತ್ತಿತ್ತು. ಆ ತಲೆಯಾಟವನ್ನು ಎಲ್ಲರೂ ಒಪ್ಪಿಗೆಯೆಂದೇ ಲೆಕ್ಕ ಹಾಕಿಕೊಂಡಿದ್ದರು. ನಿಜವಾದ ಉತ್ತರ ಅವಳಿಗೆ ಹೊಳೆಯುತ್ತಿದ್ದುದು ಸಂಜೆ ಸೇಂಟ್ ಆಲ್ಬನ್ಸಿನ ರೈಲಿನಲ್ಲಿ. ಕಿಟಕಿಯ ಗಾಜಿಗೆ ಹಣೆ ಆನಿಸಿ ಅವಳು ಗೆದ್ದ ವಾದಗಳಿಗೆ ಲೆಕ್ಕವಿಲ್ಲ. ಮನೆ ಮುಟ್ಟುವ ಹೊತ್ತಿಗೆ ಆ ಗೆಲುವೆಲ್ಲ ಕರಗಿರುತ್ತಿತ್ತು. ಅಜ್ಜಿ ತನ್ನ ನಾಡಿನ ಕಡುಬು, ಬಿಸಿ ಪಸ್ತಿಜ್ಜಿಯನ್ನು ತಟ್ಟೆಗೆ ಹಾಕಿ, "ಇವತ್ತು ಏನಾಯ್ತು?" ಎಂದರೆ "ಏನಿಲ್ಲ ಅಜ್ಜಿ" ಎನ್ನುತ್ತಿದ್ದಳು.

ಕೆಲಸದಲ್ಲಿ ಮಾತ್ರ ಅವಳಿಗೆ ಅಂಜಿಕೆ ಇರಲಿಲ್ಲ. ಅಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಮದ್ದು ಜೀವಕೋಶವನ್ನು ಕೊಲ್ಲುತ್ತದೆಯೋ ಇಲ್ಲವೋ?

ಮದ್ದು ಅಂದರೆ ಸಾಮಾನ್ಯದ್ದಲ್ಲ. ಕೆಲವು ಮನೆತನಗಳಲ್ಲಿ ಒಂದೇ ಒಂದು ಜೀನು ಕೆಟ್ಟಿರುತ್ತದೆ. ಅದು ಅಕ್ಷಿಪಟಲದ ಕೋಶದೊಳಗೆ ಕೂತು ದಿನವಿಡೀ ಕೆಟ್ಟ ಓಲೆಗಳನ್ನು ಕಳಿಸುತ್ತಲೇ ಇರುತ್ತದೆ. ಕೋಶ ಪಾಪ, ಬಂದ ಓಲೆಯನ್ನೆಲ್ಲ ಪಾಲಿಸುತ್ತ ಪಾಲಿಸುತ್ತ ಒಂದು ದಿನ ಮುಗಿದುಹೋಗುತ್ತದೆ. ಇವರ ಮದ್ದು ಒಂದು ಪುಟ್ಟ ಕತ್ತರಿ. ಅದರ ಕೈಗೆ ವಿಳಾಸ ಕೊಟ್ಟು ಒಳಗೆ ಬಿಟ್ಟರೆ ಆ ಕೆಟ್ಟ ಓಲೆಯನ್ನು ಹುಡುಕಿ ದಾರಿಯಲ್ಲೇ ಕತ್ತರಿಸುತ್ತದೆ. ಜೀನು ಇದ್ದಲ್ಲೇ ಇರುತ್ತದೆ, ಅದರ ಮಾತು ಮಾತ್ರ ನಡೆಯುವುದಿಲ್ಲ. ಪ್ರಯೋಗಶಾಲೆಯ ಮುಖ್ಯಸ್ಥ ಡಂಕನ್ ವೀರ್ ತನ್ನ ಅರ್ಧ ಆಯುಷ್ಯವನ್ನು ಈ ಕತ್ತರಿಗೆ ಸುರಿದಿದ್ದ. ಈಗ ಅದು ಮನುಷ್ಯರ ಕಣ್ಣಿಗೆ ಹೋಗುವ ಹೊಸ್ತಿಲಲ್ಲಿತ್ತು. ಸುರಕ್ಷತೆಯ ಸಮಿತಿ ಶುಕ್ರವಾರ ಹೂಂ ಎಂದರೆ ಮುಂದಿನ ತಿಂಗಳು ಮೊದಲ ಸೂಜಿ. ಆ ಮೊದಲ ಕಣ್ಣು ಬ್ರಾನ್ ಟಲಕ್‌ಳದು.

ಬ್ರಾನ್ ಐವತ್ತು ದಾಟಿದ ಹೆಂಗಸು. ಇಪ್ಪತ್ತು ವರ್ಷ ಟ್ರಾಮು ಓಡಿಸಿದವಳು. ಆಕೆಗೆ ನೋಟ ಅಂಚಿನಿಂದ ಒಳಕ್ಕೆ ಒಳಕ್ಕೆ ಕಿರಿದಾಗುತ್ತ ಬಂದು, ಈಗ ಕೊಳವೆಯಲ್ಲಿ ಇಣುಕಿದಷ್ಟು ಮಾತ್ರ ಉಳಿದಿತ್ತು. ಒಂದು ಬೆಳಿಗ್ಗೆ ಸಿಡ್ನಿ ರೋಡಿನಲ್ಲಿ ಸೈಕಲ್ ಹುಡುಗಿಯೊಬ್ಬಳು ಗಾಳಿಯಿಂದ ಇಳಿದವಳಂತೆ ಟ್ರಾಮಿನ ಮೂತಿಯೆದುರು ಪ್ರತ್ಯಕ್ಷವಾಗಿದ್ದಳು. ಬ್ರೇಕು ಹಿಡಿಯಿತು, ಏನೂ ಆಗಲಿಲ್ಲ. ಆಕೆ ಮಾತ್ರ ಅವತ್ತೇ ಡಿಪೋಗೆ ಹೋಗಿ ಯಾರೂ ಕೇಳುವ ಮೊದಲೇ ಬೀಗದ ಕೈ ಒಪ್ಪಿಸಿ ಬಂದಳು. ಮಗಳು ಟೀಗನ್‌ಗೂ ಅದೇ ಜೀನು ಬಂದಿತ್ತು. ಕಾಲೇಜಿಗೆ ಹೋಗುವ ಹುಡುಗಿ ಮುಸ್ಸಂಜೆಯಲ್ಲಿ ಆಗಲೇ ಕುರ್ಚಿ ಮೇಜು ಎಡವುತ್ತಿದ್ದಳು.

ಬ್ರಾನ್‌ಳ ತೋಳಿನಿಂದ ಚೂರು ಚರ್ಮ ತೆಗೆದು, ಅದನ್ನು ತಿಂಗಳುಗಟ್ಟಲೆ ಪಳಗಿಸಿ ಅಕ್ಷಿಪಟಲದ ಕೋಶಗಳನ್ನಾಗಿ ಬೆಳೆಸಿದ್ದರು. ಪರೀಕ್ಷೆ ನಡೆಯುತ್ತಿದ್ದುದು ಆ ಕೋಶಗಳ ಮೇಲೆಯೇ. ಕಣ್ಣಾಸ್ಪತ್ರೆಗೆ ಬಂದಾಗೆಲ್ಲ ಆಕೆ ಮೇಲೆ ಹತ್ತಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕೊರಳಲ್ಲಿ ಬೇಸಿಗೆಯಲ್ಲೂ ಫುಟ್‌ಸ್ಕ್ರೇ ಫುಟ್‌ಬಾಲ್ ತಂಡದ ಶಾಲು.

"ನನ್ನ ಮರಿಗಳು ಹೇಗಿದಾವೆ ಮಾರ್ಥೀಸ್?"

"ಚೆನ್ನಾಗಿದಾವೆ."

"ಚೆನ್ನಾಗಿದಾವೆ ಅಂತ ನೀನು ಹೇಳೋದು ಕೇಳಿದ್ರೆ ಯಾರೋ ಹೋಗ್ಬಿಟ್ರು ಅನ್ಸತ್ತೆ. ಜೋರಾಗಿ ಹೇಳೇ! ಕಣ್ಣು ತಾನೇ ಹೋಗ್ತಿರೋದು ನಂಗೆ, ಕಿವಿನೂ ಪರೀಕ್ಷೆ ಮಾಡ್ತಿದೀಯಾ?"

ಮಾರ್ಥೀಸ್ ನಕ್ಕು, ಪರದೆಯ ಮೇಲೆ ಕೋಶಗಳನ್ನು ದೊಡ್ಡದಾಗಿ ತೋರಿಸುತ್ತಿದ್ದಳು. ಬ್ರಾನ್ ತನ್ನ ಕೊಳವೆ ನೋಟವನ್ನು ಅತ್ತಿತ್ತ ಆಡಿಸಿ, ಪರದೆಯನ್ನು ತುಂಡುತುಂಡಾಗಿ ಓದುತ್ತಿದ್ದಳು. ಹಾಗೊಂದು ಸಲ ಟ್ರಾಮಿನ ಸುದ್ದಿ ಬಂತು.

"ಡ್ರೈವರ್ ಕಾಲಡಿ ಒಂದು ಪೆಡಲ್ ಇರತ್ತೆ ಗೊತ್ತಾ? ಅದನ್ನ ಒತ್ಕೊಂಡೇ ಇರ್ಬೇಕು. ಡ್ರೈವರು ಎದೆ ಒಡೆದು ಸತ್ತ ಅಂತಿಟ್ಕೋ. ಕಾಲು ಸಡಿಲ ಆಗತ್ತೆ, ಟ್ರಾಮು ತಾನೇ ನಿಂತ್ಕೊಳ್ಳತ್ತೆ. ಸತ್ತವನ ಪೆಡಲ್ ಅಂತೀವಿ ನಾವು. ಅದನ್ನ ತುಳಿದೂ ತುಳಿದೂ ನಂದು ಒಂದು ಕಾಲು ಇನ್ನೊಂದಕ್ಕಿಂತ ದಪ್ಪ. ನೋಡ್ತೀಯಾ?"

"ಬೇಡ ಬೇಡ," ಎಂದು ಮಾರ್ಥೀಸ್ ಕಿವಿ ಕೆಂಪು ಮಾಡಿಕೊಂಡಿದ್ದಳು.

ಇನ್ನು ಪಂಪಿನ ವಿಷಯ.

ಪಡ್ಡಿನ ಹಂಚಿನ ಹಾಗೆ ಕುಳಿ ಕುಳಿಯಾದ ಪ್ಲಾಸ್ಟಿಕ್ ತಟ್ಟೆ. ಪ್ರತಿ ಕುಳಿಯ ತಳಕ್ಕೂ ಕೋಶಗಳು ಅಂಟಿಕೊಂಡು ಬೆಳೆಯುತ್ತವೆ. ಮದ್ದು ಹಾಕಿ ಕೆಲವು ದಿನ ಬಿಟ್ಟು, ಉಪ್ಪುನೀರಿನಲ್ಲಿ ತೊಳೆದು, ಬಣ್ಣ ಹಾಕಿ, ಎಷ್ಟು ಬದುಕಿವೆ ಎಂದು ಎಣಿಸಬೇಕು. ಈ ತೊಳೆಯುವುದಿದೆಯಲ್ಲ, ಅದು ಆ ಮನೆಯ ಹೆಮ್ಮೆ. "ಮೂರು ಸಲ ತೊಳಿ, ಮೆಲ್ಲಗೆ ತೊಳಿ." ಹೊಸದಾಗಿ ಸೇರಿದ ಪ್ರತಿಯೊಬ್ಬರ ಪಕ್ಕದಲ್ಲೂ ಡಂಕನ್ ತಾನೇ ನಿಂತು ಇದನ್ನು ಕಲಿಸುತ್ತಿದ್ದ. ತೇಲುವ ಕಸವೆಲ್ಲ ಹೋಗಿ ಚಿತ್ರ ಕನ್ನಡಿಯಂತೆ ಬರಬೇಕು. ಡಂಕನ್‌ನ ಚಿತ್ರಗಳನ್ನು ನೋಡಿದರೆ ಪ್ರಪಂಚದ ಯಾವ ಮೂಲೆಯವರೂ ಇದು ಅವನದೇ ಎಂದು ಗುರುತಿಸುತ್ತಿದ್ದರು. ತೊಳೆದ ನೀರನ್ನು ಪಂಪು ಸುರ್ರೆಂದು ಹೀರಿ, ಬ್ಲೀಚು ತುಂಬಿದ ಗಾಜಿನ ಜಾಡಿಗೆ ಒಗೆಯುತ್ತಿತ್ತು. ಅಲ್ಲಿಗೆ ಅದರ ಕತೆ ಮುಗಿಯಿತು. ಆಮೇಲೆ ಎಣಿಸಿದರೆ ನೂರಕ್ಕೆ ತೊಂಬತ್ತೇಳು ಬದುಕಿರುತ್ತಿದ್ದವು. ಪ್ರತಿ ಸಲವೂ ಅಷ್ಟೇ. ಮದ್ದು ಹಾಕಿದ ಕುಳಿಗಳಲ್ಲಿ ಒಟ್ಟು ಕೋಶಗಳೇ ಒಂದಿಷ್ಟು ತೆಳುವಾಗಿ ಕಂಡರೆ, "ಬಿತ್ತುವಾಗಲೇ ಕಮ್ಮಿ ಬಿದ್ದಿರತ್ತೆ" ಎಂದು ಯಾರಾದರೂ ಹೇಳುತ್ತಿದ್ದರು. ಉಳಿದವರು ಹೂಂ ಎನ್ನುತ್ತಿದ್ದರು. ಮಾರ್ಥೀಸಳೂ ತಲೆ ಆಡಿಸುತ್ತಿದ್ದಳು.

ಅವತ್ತು ಸೋಮವಾರ ಪಂಪು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಬ್ಲೀಚಿನ ಜಾಡಿಯೂ ಅದರ ಜೊತೆಗೇ ರಿಪೇರಿಗೆ ಹೋಯಿತು. ಮಾರ್ಥೀಸ್ ಕೈಯಿಂದಲೇ ನೀರು ಹೀರಿ, ಸದ್ಯಕ್ಕೆ ಇರಲೆಂದು ಕುಳಿಗೊಂದರಂತೆ ಪುಟ್ಟ ಕೊಳವೆಗಳಿಗೆ ತುಂಬಿ ಸಾಲಾಗಿ ನಿಲ್ಲಿಸಿ ಚಹಾಕ್ಕೆ ಹೋದಳು. ತಿರುಗಿ ಬಂದು ನೋಡಿದರೆ ಕೆಲವು ಕೊಳವೆಗಳಲ್ಲಿ ನೀರು ತಿಳಿ. ಕೆಲವುಗಳಲ್ಲಿ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ತಳದಲ್ಲಿ ಗಸಿ.

ಗಸಿ ಇದ್ದದ್ದು ಮದ್ದು ಹಾಕಿದ ಕುಳಿಗಳದ್ದರಲ್ಲಿ ಮಾತ್ರ.

ಅವಳು ಒಂದು ಹನಿ ತೆಗೆದು ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಈ ನೀಲಿಯ ಗುಣ ಇಷ್ಟೇ: ಬದುಕಿರುವ ಕೋಶ ಅದನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಎಷ್ಟೇ ಸುರಿಯಿರಿ, ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ಸತ್ತದ್ದಕ್ಕೆ ತಡೆಯುವ ಶಕ್ತಿ ಇಲ್ಲ, ಸುರಿದದ್ದನ್ನೆಲ್ಲ ಕುಡಿಯುತ್ತದೆ. ಅವಳು ಕಣ್ಣಿಟ್ಟು ನೋಡಿದಾಗ ಕಂಡದ್ದು ನೀಲಿ, ನೀಲಿ, ಬರೀ ನೀಲಿ.

ಸತ್ತ ಕೋಶ ತಳಕ್ಕೆ ಅಂಟಿಕೊಂಡಿರುವುದಿಲ್ಲ, ಬಿಟ್ಟುಕೊಂಡು ತೇಲುತ್ತದೆ. ಇದು ಮೊದಲ ವರ್ಷದವರಿಗೂ ಗೊತ್ತಿರುವ ವಿಷಯ. ಮೂರು ಸಲ, ಮೆಲ್ಲಗೆ, ಅಷ್ಟು ಶ್ರದ್ಧೆಯಿಂದ ಇವರು ತೊಳೆದು ಚೆಲ್ಲುತ್ತಿದ್ದುದು ಸತ್ತವುಗಳನ್ನೇ. ಪಂಕ್ತಿಯಿಂದ ಹೆಣಗಳನ್ನೆಲ್ಲ ಎತ್ತಿ ಹಿತ್ತಲಿಗೆ ಹಾಕಿ, ಆಮೇಲೆ ಬಂದು ಕೂತಿರುವವರ ಮುಖ ನೋಡಿ, ಈ ಅಡುಗೆಯಿಂದ ಯಾರಿಗೂ ಏನೂ ಆಗಿಲ್ಲ ಎಂದು ಡಂಗುರ ಹೊಡೆದ ಹಾಗೆ.

ಅವಳು ಯಾರಿಗೂ ಹೇಳದೆ ಇನ್ನೊಂದು ತಟ್ಟೆ ಎತ್ತಿಕೊಂಡಳು. ಅದೇ ಪರೀಕ್ಷೆಗೆಂದು ಹೋದ ವಾರ ಮೂರು ಬಗೆಯಲ್ಲಿ ಸಿದ್ಧವಾಗಿದ್ದ ತಟ್ಟೆ ಅದು: ಕೆಲವು ಕುಳಿಗೆ ಏನೂ ಇಲ್ಲ, ಕೆಲವಕ್ಕೆ ವಿಳಾಸವಿಲ್ಲದ ಕತ್ತರಿ, ಕೆಲವಕ್ಕೆ ವಿಳಾಸ ಸಮೇತ. ಮೊದಲ ಎರಡರ ನೀರು ತಿಳಿಯಾಗಿತ್ತು. ಮೂರನೆಯದು ಮತ್ತೆ ಅಕ್ಕಿ ತೊಳೆದ ನೀರು. ಅಂದರೆ ಕತ್ತರಿ ಸುಮ್ಮನಿದ್ದಾಗ ಸಾಧು. ಒಂದು ಸಲ ತನ್ನ ಓಲೆ ಸಿಕ್ಕು ಕತ್ತರಿಸಲು ಶುರುಮಾಡಿತೋ, ಅದಕ್ಕೆ ತಲೆ ಕೆಡುತ್ತಿತ್ತು; ಪಕ್ಕದಲ್ಲಿ ಓಡಾಡುವ ಒಳ್ಳೆಯ ಓಲೆಗಳನ್ನೂ ಸಿಕ್ಕಸಿಕ್ಕಂತೆ ಕತ್ತರಿಸುತ್ತಿತ್ತು.

"ಏನೇ ಇದು, ಪಂಪು ರಿಪೇರಿಯಾಗಿ ಬಂತಲ್ಲ, ಇನ್ನೂ ಕೈಯಲ್ಲೇ ಹೀರ್ತಿದೀಯ?" ಪಕ್ಕದ ಮೇಜಿನ ಕ್ವಿನ್ ಟ್ರಾನ್ ಇಣುಕಿದಳು. ಮಾರ್ಥೀಸಳ ಓರಗೆಯವಳು, ಬಾಯಿಗೆ ಬೀಗವಿಲ್ಲದವಳು. "ಮ್ಯೂಸಿಯಮ್‌ನವರು ಬಂದು ನಿನ್ನನ್ನೇ ಎತ್ಕೊಂಡು ಹೋಗ್ತಾರೆ ನೋಡು."

ಮಾರ್ಥೀಸ್ ಕುರ್ಚಿ ಬಿಟ್ಟು ಸರಿದಳು. ಕ್ವಿನ್ ಕೂತು ನೋಡಿದಳು. ಒಂದು ಕೊಳವೆ, ಇನ್ನೊಂದು, ಮತ್ತೊಂದು. ಹಾಸ್ಯ ಎಲ್ಲೋ ಸೋರಿಹೋಯಿತು.

"ಇದು ಯಾರದು?"

"ಬ್ರಾನ್‌ದು."

ಕ್ವಿನ್ ಕೈಗವಸುಗಳನ್ನು ಒಂದೊಂದೇ ಬೆರಳಾಗಿ ಬಿಚ್ಚಿದಳು. "ಡಂಕನ್‌ಗೆ ಹೇಳ್ಬೇಕಲ್ಲ. ಯಾರು ಹೇಳ್ತಾರೆ?"

"ನಾನು."

"ನೀನಾ? ಮೊನ್ನೆ ಆ ಕಾಫಿ ಅಂಗಡಿಯವನು ಯಾರದ್ದೋ ಕಾಫಿ ನಿನ್ನ ಕೈಗೆ ಕೊಟ್ಟಾಗ ಥ್ಯಾಂಕ್ಸ್ ಹೇಳಿ ಕುಡಿದವಳು ನೀನು!"

"ಅದು ಕಾಫಿ," ಎಂದಳು ಮಾರ್ಥೀಸ್.

ಡಂಕನ್‌ನ ಕೋಣೆಗೆ ಬಾಗಿಲೇನೋ ಇತ್ತು, ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅಲ್ಲಿ ಸರ್ ಇಲ್ಲ, ಪ್ರೊಫೆಸರ್ ಇಲ್ಲ. ನೆಲ ಒರೆಸುವವನಿಂದ ಹಿಡಿದು ಎಲ್ಲರೂ ಅವನನ್ನು ಡಂಕನ್ ಎಂದೇ ಕರೆಯುತ್ತಿದ್ದರು, ಏಕವಚನದಲ್ಲೇ ಮಾತಾಡುತ್ತಿದ್ದರು. ಹೆಸರು ಹಿಡಿದು ಕರೆಯುವುದು ಸುಲಭ. ಹಾಗೆ ಕರೆದವನಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದು ಅಲ್ಲಿ ಕೆಲಸ ಮಾಡಿದವರಿಗೇ ಗೊತ್ತು.

"ಕೂತ್ಕೋ ಮೇಟ್," ಎಂದ ಅವನು; ಅವನ ಬಾಯಲ್ಲಿ ಎಲ್ಲರೂ ಮೇಟ್, ಅಂದರೆ ಗೆಳೆಯರೇ. ಚಿತ್ರಗಳನ್ನು ಹಿಂದೆ ಮುಂದೆ ಮಾಡಿ ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಮೂಗಿನ ಮೇಲಿನ ಗೆರೆ ಉಜ್ಜಿಕೊಂಡ.

"ತೇಲೋ ಕಸ ಯಾವ ತಟ್ಟೇಲಿ ಇರಲ್ಲ ಹೇಳು?"

"ಇನ್ನೆರಡು ಬಗೆಯ ಕುಳಿಗಳಲ್ಲಿ ಇಲ್ಲ."

"ಪಂಪ್ ಬಿಟ್ಟು ಕೈಯಲ್ಲಿ ಹೀರಿದೀಯ. ಕೈ ಒರಟಾಗಿರ್ಬಹುದು."

"ಮೂರಕ್ಕೂ ಅದೇ ಕೈ."

ಆ ಮಾತು ಎಲ್ಲಿಂದ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಡಂಕನ್ ಅವಳನ್ನು ಹೊಸದಾಗಿ ನೋಡುವವನಂತೆ ನೋಡಿದ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಬ್ರಾನ್‌ಗೆ ಉಳಿದಿರೋದು ಎಷ್ಟು ನೋಟ, ನಿಂಗೂ ಗೊತ್ತು ನಂಗೂ ಗೊತ್ತು. ಮುಂದಿನ ಬೇಸಿಗೆಗೆ ಅದೂ ಇರಲ್ಲ. ಈ ಶುಕ್ರವಾರ ತಪ್ಪಿದ್ರೆ ಸಮಿತಿ ಮತ್ತೆ ಕೂರೋದು ಯಾವಾಗ್ಲೋ. ಸತ್ತ ಕಣ್ಣಿಗೆ ಸುರಕ್ಷಿತವಾದ ಮದ್ದು ತಗೊಂಡು ಹೋಗಿ ಏನ್ ಮಾಡ್ತೀಯ ಮಾರ್ಥೀಸ್?" ಅವನ ದನಿ ತಗ್ಗಿತು. "ಶುಕ್ರವಾರ ಇದ್ದದ್ದನ್ನ ಇದ್ದ ಹಾಗೆ ತೋರ್ಸೋಣ. ಇದನ್ನ ಆಮೇಲೆ ಬೇರೆಯಾಗಿ, ನಿಧಾನವಾಗಿ ನೋಡೋಣ. ಸರಿ ತಾನೆ?"

ಅವಳ ತಲೆ ಅಭ್ಯಾಸ ಬಲದಿಂದ ಆಡಲು ಹೊರಟಿತು. ಅವಳು ಕತ್ತು ಬಿಗಿಹಿಡಿದಳು. 

"ಇಲ್ಲ."

"ಇಲ್ಲ ಅಂದ್ರೆ?"

"ಇದ್ದದ್ದು ಇದ್ದ ಹಾಗೆ ಅಂದ್ರೆ ಇದೂ ಸೇರತ್ತೆ. ಇದನ್ನ ಬಿಟ್ರೆ ಅದು ಇದ್ದ ಹಾಗೆ ಅಲ್ಲ."

ಡಂಕನ್ ಕಿಟಕಿಯ ಕಡೆ ತಿರುಗಿದ. ಕೆಳಗೆ ಟ್ರಾಮೊಂದು ಗಂಟೆ ಬಾರಿಸಿಕೊಂಡು ತಿರುವು ದಾಟಿತು. "ಆಯ್ತು," ಎಂದ ಕೊನೆಗೆ, ಬಹಳ ಮೃದುವಾಗಿ. "ಶುಕ್ರವಾರ ಸುರಕ್ಷತೆಯ ಭಾಗ ನಿನ್ನ ಬದಲು ಕ್ವಿನ್ ಮಾತಾಡ್ಲಿ. ಹೇಗೂ ನಿಂಗೆ ಜನರ ಮುಂದೆ ನಿಂತ್ರೆ ಆಗಲ್ಲ. ಯಾಕೆ ಸುಮ್ನೆ ಹಿಂಸೆ?"

ಆ ಕನಿಕರ ಅವಳನ್ನು ಸುಟ್ಟಿತು. ಬೈದಿದ್ದರೆ ರೈಲಿನಲ್ಲಿ ಅಳುತ್ತಿದ್ದಳು. ಆ ಸಂಜೆ ಅವಳು ಅಳಲಿಲ್ಲ. ಸೇಂಟ್ ಆಲ್ಬನ್ಸಿನವರೆಗೂ ಗಾಜಿನಲ್ಲಿ ಕಂಡ ತನ್ನ ಮುಖವನ್ನೇ ದುರುಗುಟ್ಟಿ ನೋಡುತ್ತ ಬಂದಳು.

ಆ ಪ್ರಯೋಗಶಾಲೆಯಲ್ಲಿ ಒಂದು ಪದ್ಧತಿಯಿತ್ತು. ವಾರದಲ್ಲಿ ಯಾರು ಏನು ಕೆಡಿಸಿದರೋ, ಬೂಸು ಬರಿಸಿದರೋ, ಕೋಶ ಬೆಳೆಸುವ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದಿಟ್ಟು ಹೋದರೋ, ಅವರು ಶುಕ್ರವಾರ ಬೆಳಗಿನ ಚಹಾಕ್ಕೆ ಕೇಕು ತರಬೇಕು. ಹೆಸರು ಬಿಳಿ ಹಲಗೆಯ ಮೇಲೆ ಬೀಳುತ್ತಿತ್ತು. ಯಾರು ಬರೆದರೆಂದು ಯಾರೂ ಕೇಳುತ್ತಿರಲಿಲ್ಲ. ಗುರುವಾರ ಹಲಗೆಯ ಮೇಲೆ 'ಕೇಕು: ಮಾರ್ಥೀಸ್' ಎಂದಿತ್ತು, ಪಕ್ಕದಲ್ಲಿ ನಗುವ ಮುಖ ಬೇರೆ. ಅಷ್ಟರಲ್ಲಿ ಸುದ್ದಿ ಎಲ್ಲರಿಗೂ ಮುಟ್ಟಿತ್ತು.

"ಪಂಪು ಕೆಟ್ಟಿದ್ದಕ್ಕಾ, ಮೀಟಿಂಗ್ ಕೆಡಿಸ್ತಾಳೆ ಅಂತಲಾ?" ಎಂದು ಯಾರೋ ಹಿಂದಿನಿಂದ ಕೇಳಿದರು. ಒಂದಿಬ್ಬರು ನಕ್ಕರು.

ಅಲ್ಲಿ ತಿಂದ ಕೇಕುಗಳಲ್ಲಿ ಅರ್ಧ ಮಾರ್ಥೀಸ್ ತಂದವೇ. ಬೂಸು ಬರಿಸಿದ್ದು ಬೇರೆಯವರಾದರೂ ವಾದ ಮಾಡುವುದಕ್ಕಿಂತ ಹಿಟ್ಟು ಕಲಸುವುದು ಅವಳಿಗೆ ಹಗುರ. ಅವಳು ಹಲಗೆಯ ಹತ್ತಿರ ಹೋಗಿ ಅಂಗೈಯಿಂದ ತನ್ನ ಹೆಸರನ್ನು ಒರೆಸಿದಳು. ನಗುವ ಮುಖವನ್ನೂ ಒರೆಸಿದಳು.

"ನಾನು ತರಲ್ಲ."

"ಬರೀ ಕೇಕು ಕಣೇ," ಎಂದಳು ಕ್ವಿನ್ ಮೆಲ್ಲಗೆ.

"ಬರೀ ಕೇಕು ಅಂತಾನೇ ಇಷ್ಟು ವರ್ಷ ತಂದೆ."

 ಅಂಗೈ ತುಂಬ ನೀಲಿ ಮಸಿ. ತೊಳೆಯಲು ಹೋದಾಗ ಕ್ವಿನ್ ಹಿಂದೆಯೇ ಬಂದು ನಲ್ಲಿಯ ಪಕ್ಕ ನಿಂತಳು.

"ಡಂಕನ್ ನನ್ನನ್ನ ಮಾತಾಡು ಅಂದಿದಾನೆ. ನಾನೇನ್ ಮಾಡ್ಲಿ ಹೇಳು. ನನ್ನ ಕೆಲಸ ಇನ್ನೂ ಗಟ್ಟಿಯಾಗಿಲ್ಲ ಮಾರ್ಥೀಸ್."

"ಮಾತಾಡು. ನಿಂದು ಮುಗಿದ ಮೇಲೆ ನಾನು ಎದ್ದು ನಿಲ್ತೀನಿ."

"ನಿಂತು?"

"ಗೊತ್ತಿಲ್ಲ. ಮೊದ್ಲು ನಿಲ್ತೀನಿ."

ಸಮಿತಿಯವರದು ಉದ್ದನೆಯ ಮೇಜು. ನಡುವೆ ಅಧ್ಯಕ್ಷೆ, ನರೆತ ಕೂದಲಿನ ವೈದ್ಯೆ. ಅವಳ ಎಡಬಲಕ್ಕೆ ನಾಲ್ಕಾರು ಪಂಡಿತರು. ಕೊನೆಯ ಕುರ್ಚಿಯಲ್ಲಿ ರೋಗಿಗಳ ಪರವಾಗಿ ಬ್ರಾನ್. ರೋಗಿಗಳ ಕಡೆಯವರೊಬ್ಬರು ಕೂರದೆ ಅಲ್ಲಿ ಸಮಿತಿ ಸೇರುವುದಿಲ್ಲ. ಫುಟ್‌ಸ್ಕ್ರೇ ಶಾಲು ಇವತ್ತು ಇಸ್ತ್ರಿಯಾಗಿತ್ತು. ಆಕೆ ಹಬ್ಬಕ್ಕೆ ಬಂದವಳ ಹಾಗೆ ಕೂತಿದ್ದಳು.

ಡಂಕನ್ ಸೊಗಸಾಗಿ ಮಾತಾಡಿದ. ಅವನ ಚಿತ್ರಗಳು ಗೋಡೆಯ ಮೇಲೆ ಕನ್ನಡಿಯಂತೆ ಹೊಳೆದವು. ಆಮೇಲೆ ಕ್ವಿನ್ ಎದ್ದಳು. ನೂರಕ್ಕೆ ತೊಂಬತ್ತೇಳು ಎಂದಳು. ನೀರು ಕುಡಿದಳು.

"ಇದು ತೊಳೆದ ಮೇಲೆ ತಟ್ಟೇಲಿ ಉಳಿದವುಗಳ ಲೆಕ್ಕ. ತೊಳೆದ ನೀರಲ್ಲಿ ಹೋದವುಗಳ ವಿಷಯ ಮಾರ್ಥೀಸ್ ಹೇಳ್ತಾಳೆ," ಎಂದು ಹೇಳಿ ಡಂಕನ್‌ನ ಕಡೆ ನೋಡದೆ ಕೂತುಬಿಟ್ಟಳು.

ಬಾಗಿಲ ಪಕ್ಕದ ಕುರ್ಚಿಯಿಂದ ಮಾರ್ಥೀಸ್ ಎದ್ದಳು. ಕಿವಿಗಳು ಕೆಂಡವಾಗಿದ್ದವು. ಮೇಜಿನ ಅಷ್ಟೂ ಮುಖಗಳು ಒಂದಾಗಿ ಕಲಸಿಹೋದವು. ಕೆಂಪು ನೀಲಿ ಬಿಳಿಯ ಆ ಶಾಲೊಂದೇ ನೆಟ್ಟಗೆ ಕಂಡದ್ದು. ಅವಳು ಅದಕ್ಕೇ ಮಾತಾಡಿದಳು.

"ಬ್ರಾನ್, ನಿನ್ನ ಪೆಡಲ್ ವಿಷಯ ಹೇಳಿದ್ದೆಯಲ್ಲ."

"ಹೇಳಿದ್ದೆ," ಎಂದಳು ಬ್ರಾನ್ ಅಚ್ಚರಿಯಿಂದ.

"ನಮ್ಮ ಕತ್ತರಿಗೆ ಅದು ಇಲ್ಲ. ಹೊರಟರೆ ಹೊರಟಿತು. ತಾನು ನಿಲ್ಲಬೇಕಾದ ಸ್ಟಾಪಲ್ಲಿ ನಿಲ್ಲಲ್ಲ. ನಾವು ಅದನ್ನ ನೋಡಿರಲಿಲ್ಲ, ಯಾಕಂದ್ರೆ ಸತ್ತವುಗಳನ್ನ ತೊಳೆದು ಚೆಲ್ಲಿ ಆಮೇಲೆ ಎಣಿಸ್ತಿದ್ವಿ."

ಅವಳು ಮೂರು ಕೊಳವೆಗಳನ್ನು ಮೇಜಿನ ಮೇಲಿಟ್ಟಳು. ತಿಳಿ, ತಿಳಿ, ಬಿಳಿ. ಗೋಡೆಯ ಮೇಲೆ ನೀಲಿ ಚಿತ್ರ ಹಾಕಿದಳು. ಅದು ಕನ್ನಡಿಯಂತಿರಲಿಲ್ಲ, ಕೊಳಕಾಗಿತ್ತು, ಕಸಕಸವಾಗಿತ್ತು. ಪಂಡಿತರು ಒಬ್ಬೊಬ್ಬರಾಗಿ ಮುಂದಕ್ಕೆ ಬಾಗಿದರು. ಅಧ್ಯಕ್ಷೆ ಪ್ರಶ್ನೆ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬ್ರಾನ್ ಮೇಜು ಬಡಿದಳು.

"ನಿನ್ನನ್ಯಾರು ಕೇಳಿದ್ರು?"

ಮಾರ್ಥೀಸ್ ಬೆಚ್ಚಿದಳು.

"ಮುಂದಿನ ತಿಂಗಳು ನಂಗೆ ಸೂಜಿ ಹಾಕ್ತಾರೆ ಅಂತ ಮಗಳಿಗೆ ಹೇಳಿದೀನಿ. ನಂಗೆ ಸಾವು ಗೀವು ಅಂದ್ರೆ ಹೆದರಿಕೆ ಇಲ್ಲ ಕಣೇ, ಕತ್ತಲೆ ಅಂದ್ರೆ ಹೆದರಿಕೆ. ಅಪಾಯ ಇದ್ರೆ ಇರ್ಲಿ! ಇದು ನನ್ನ ಕಣ್ಣು, ನನ್ನ ತೀರ್ಮಾನ. ಕೊಳವೆ ಹಿಡ್ಕೊಂಡು ಬಂದು ನನ್ನ ಬಾಗಿಲು ಹಾಕಕ್ಕೆ ನೀನ್ಯಾರು?"

ಇಷ್ಟು ಹೊತ್ತಿಗೆ ಹಳೆಯ ಮಾರ್ಥೀಸ್ ತಲೆಯಾಡಿಸಿ ಕೂತುಬಿಡಬೇಕಿತ್ತು. ಅವಳು ಕೂರಲಿಲ್ಲ.

"ಯಾರೂ ಕೇಳಿರಲಿಲ್ಲ. ಅದಕ್ಕೇ ಹೇಳ್ತಿದೀನಿ. ತೀರ್ಮಾನ ನಿಂದೇ ಬ್ರಾನ್, ನಾನು ಕಿತ್ಕೊಳ್ಳಲ್ಲ. ಆದ್ರೆ ಈ ನೀರು ನೋಡದೆ ಹೂಂ ಅಂದ್ರೆ ಅದು ನಿನ್ನ ತೀರ್ಮಾನ ಅಲ್ಲ. ನಾವು ಮಾಡಿ ನಿನ್ನ ಬಾಯಲ್ಲಿ ಹೇಳಿಸಿದ್ದು. ನಾನು ಅದನ್ನ ಮಾಡಲ್ಲ. ಬೈಕೋ ಬೇಕಾದ್ರೆ."

ಬ್ರಾನ್ ಬೈಯಲಿಲ್ಲ. ಕೈ ಚಾಚಿ ಮೇಜಿನ ಮೇಲೆ ತಡಕಿ ಬಿಳಿ ಕೊಳವೆಯನ್ನು ಹುಡುಕಿ ತೆಗೆದು, ತನ್ನ ಕಿರಿದಾದ ನೋಟದ ನೇರಕ್ಕೆ ತಂದು ಹಿಡಿದಳು.

"ಇದು ನಾನಾ?"

"ಹೂಂ."

"ಹತ್ತರಲ್ಲಿ ಎಷ್ಟು?"

"ಮೂರು."

"ಯಾವ ಮೂರು? ಅಂಚಿನವಾ, ನಡುವಿನವಾ?"

"ಗೊತ್ತಿಲ್ಲ. ತಟ್ಟೇಲಿ ಅಂಚು, ನಡು ಅಂತ ಇರಲ್ಲ."

"ನಂಗೆ ಉಳಿದಿರೋದೇ ನಡು," ಎಂದಳು ಬ್ರಾನ್. ಕೊಳವೆಯನ್ನು ಬಹಳ ಹುಷಾರಾಗಿ ಕೆಳಗಿಟ್ಟಳು. ಆಮೇಲೆ ಮುಖವನ್ನು ಇಡಿಯಾಗಿ ತಿರುಗಿಸಿ ಡಂಕನ್‌ನನ್ನು ಹುಡುಕಿದಳು. "ನಿಂಗೆ ಗೊತ್ತಿತ್ತಾ?"

ಡಂಕನ್ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ.

"ಈ ವಾರ ಗೊತ್ತಾಯ್ತು. ಆಮೇಲೆ ನೋಡೋಣ ಅಂದಿದ್ದೆ."

"ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ..." ಅವನು ಗೋಡೆಯ ಮೇಲಿನ ಕೊಳಕು ಚಿತ್ರವನ್ನು ನೋಡಿದ. "ಕೆಲಸಕ್ಕೆ ಸೇರಿದಾಗಿಂದ ತೊಳೆದು ಚೆಲ್ತಾನೇ ಇದೀನಿ ಬ್ರಾನ್. ಚೆಲ್ಲಿದ್ದನ್ನ ನೋಡ್ಬೇಕು ಅಂತ ಅನ್ನಿಸಲೇ ಇಲ್ಲ."

ಸಮಿತಿ ಸೂಜಿಯನ್ನು ತಡೆಹಿಡಿಯಿತು. ಬ್ರಾನ್ ಬೆತ್ತದಿಂದ ಗೋಡೆ ತಡವಿಕೊಂಡು ಹೊರಟುಹೋದಳು. ಆ ಶುಕ್ರವಾರ ಪ್ರಯೋಗಶಾಲೆಯವರು ಕೇಕಿಲ್ಲದೆ ಚಹಾ ಕುಡಿದರು.

ಆಮೇಲಿನ ವಾರಗಳು ಸುಖದವೇನಲ್ಲ. ಕೆಲವರು ಮಾರ್ಥೀಸ್ ಬಂದರೆ ಮಾತು ನಿಲ್ಲಿಸುತ್ತಿದ್ದರು. ಡಂಕನ್ ಅವಳೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಮೇಟ್ ಎನ್ನುವುದನ್ನಂತೂ ಬಿಟ್ಟೇಬಿಟ್ಟಿದ್ದ. ಆದರೆ ಒಂದು ಬೆಳಿಗ್ಗೆ ಅವಳು ಬಂದಾಗ ಅವನು ಕೋಟು ಕೂಡ ಬಿಚ್ಚದೆ ಅವಳ ಮೇಜಿನ ಹತ್ತಿರ ನಿಂತು, ತೊಳೆದ ನೀರಿನ ಕೊಳವೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಂಪಿನ ಸ್ವಿಚ್ಚಿಗೆ ಕೆಂಪು ಟೇಪು ಸುತ್ತಿತ್ತು. "ಕತ್ತರಿಯ ಅಲಗು ಸ್ವಲ್ಪ ಮೊಂಡು ಮಾಡಿದ್ರೆ?" ಎಂದ, ಅವಳ ಕಡೆ ತಿರುಗದೆ. "ತನ್ನ ಓಲೆ ಒಂದನ್ನೇ ಕತ್ತರಿಸೋ ಅಷ್ಟು."

"ಮಾಡಿ ನೋಡೋಣ. ನೀರು ಹೇಳತ್ತೆ," ಎಂದಳು ಮಾರ್ಥೀಸ್. ಹೆದರಲಿಲ್ಲ, ಬಾಗಲೂ ಇಲ್ಲ.

ಮೊಂಡು ಕತ್ತರಿ ಬಂತು, ಅದಕ್ಕಿಂತ ಮೊಂಡಾದದ್ದು ಬಂತು. ಒಂದು ಯಾವುದನ್ನೂ ಕತ್ತರಿಸಲೇ ಇಲ್ಲ. ಇನ್ನೊಂದರ ನೀರು ಮೊದಲಿಗಿಂತ ತಿಳಿಯಾಗಿತ್ತು, ಪೂರ್ತಿ ತಿಳಿಯಲ್ಲ. ಅಷ್ಟರಲ್ಲಿ ಚಳಿಗಾಲ ಕಳೆದು, ಊರೆಲ್ಲ ಫುಟ್‌ಬಾಲ್ ಫೈನಲ್ಲಿನ ಮಾತೇ ಆಗಿತ್ತು.

ಅಂಥ ಒಂದು ಮಧ್ಯಾಹ್ನ ಬಾಗಿಲಲ್ಲಿ ಆ ಶಾಲು ಕಾಣಿಸಿತು. ಬ್ರಾನ್ ಒಬ್ಬಳೇ ಬಂದಿರಲಿಲ್ಲ. ಮಗಳು ಟೀಗನ್‌ಳ ಮೊಣಕೈ ಹಿಡಿದಿದ್ದಳು. ಹಿಡಿದಿರುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಆ ಕೊಳವೆ ಇನ್ನಷ್ಟು ಕಿರಿದಾಗಿದೆ ಎಂದು. ಮಾರ್ಥೀಸಳಿಗೆ ಗೊತ್ತು: ಆ ಕಿರಿದಾದದ್ದರಲ್ಲಿ ತನ್ನ ಪಾಲೂ ಇದೆ. ಅದನ್ನು ಅವಳು ಯಾರ ಮೇಲೂ ಹಾಕುವಂತಿರಲಿಲ್ಲ.

"ನಿನ್ನ ಮೇಲೆ ಇನ್ನೂ ಸಿಟ್ಟಿದೆ ನಂಗೆ," ಎಂದಳು ಬ್ರಾನ್.

"ಇರ್ಲಿ."

"ಇರ್ಲಿ ಅಂತಾಳೆ ನೋಡು! ಇವಳಿಗೆ ಬಾಯಿ ಯಾವಾಗ ಬಂತೋ." ಆಕೆ ತೋಳಿನ ಬಟ್ಟೆ ಮೇಲಕ್ಕೆ ಎಳೆದಳು. ಹಳೆಯ ಗಾಯದ ಗುರುತುಗಳು ಸಾಲಾಗಿದ್ದವು. "ಇನ್ನೂ ಚರ್ಮ ಬೇಕಂತೆ, ಡಂಕನ್ ಫೋನ್ ಮಾಡಿದ್ದ. ತಗೊಳ್ಳಿ. ಇವಳದ್ದೂ ತಗೊಳ್ಳಿ, ಇವಳೂ ಒಪ್ಪಿದಾಳೆ. ನಿಧಾನವಾಗಿ ಆಗ್ಲಿ, ಪರವಾಗಿಲ್ಲ ಅಂತ ನಾನು ಹೇಳ್ತೀನಿ ಅಂದ್ಕೋಬೇಡ. ಹೇಳಲ್ಲ. ನಂಗೆ ಬೇಗ ಬೇಕು. ನಾಳೆ ಬೇಕು. ಆದ್ರೆ ಒಂದು ಮಾತು, ಈ ಸಲ ನನ್ನನ್ನ ಬಚ್ಚಲಿಗೆ ಚೆಲ್ಲಬೇಡಿ."

"ಚೆಲ್ಲಲ್ಲ," ಎಂದಳು ಮಾರ್ಥೀಸ್.

ಟೀಗನ್ ಕುರ್ಚಿ ಎಳೆದು ಅಮ್ಮನನ್ನು ಪರದೆಯ ಮುಂದೆ ಕೂರಿಸಿದಳು. ಬ್ರಾನ್ ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದಳು. ಇಣುಕಿ, ಸರಿದು, ಮತ್ತೆ ಇಣುಕಿದಳು. ಸಾಕಷ್ಟು ಕಾಣಿಸಲಿಲ್ಲವೇನೋ, ಹಿಂದಕ್ಕೆ ಒರಗಿ ಕೂತಳು.

"ನೀನೇ ಹೇಳು. ನನ್ನ ಮರಿಗಳು ಹೇಗಿದಾವೆ?"

ಅತ್ತ ಕ್ವಿನ್ ಕೆಲಸ ನಿಲ್ಲಿಸಿ ನೋಡಿದಳು. ತೆರೆದೇ ಇರುವ ಆ ಬಾಗಿಲಿನಾಚೆ ಡಂಕನ್‌ನ ಕುರ್ಚಿ ಕಿರ್ ಎಂದಿತು.

"ಸಾಯ್ತಿದಾವೆ," ಎಂದಳು ಮಾರ್ಥೀಸ್, ಇಡೀ ಪ್ರಯೋಗಶಾಲೆಗೆ ಕೇಳುವಷ್ಟು ಜೋರಾಗಿ. "ಮೊದಲು ಹತ್ತರಲ್ಲಿ ಮೂರು. ಈಗ ಒಂದು. ಆ ಒಂದು ನಿಲ್ಲೋ ತನಕ ನಾನು ಹೂಂ ಅನ್ನಲ್ಲ."

ಬ್ರಾನ್ ಹುಬ್ಬು ಮೇಲೇರಿಸಿದಳು. ಕೊರಳಿನ ಶಾಲು ಸರಿಪಡಿಸಿಕೊಂಡು, ಬರಿದಾಗಿದ್ದ ತೋಳನ್ನು ಮೇಜಿನ ಮೇಲೆ ಚಾಚಿದಳು.

"ಹಾಂ. ಈಗ ಕೇಳಿಸ್ತು ನೋಡು."